ಕಾಳಿನ ಡ್ರಮ್ಮಿಗೆ ಸುಗಂಧ ತೈಲ: ನಾನು ಬಳಸುವ ರೀತಿ

ಸುಗಂಧ ತೈಲದ ವಾಸನೆಗೆ ನುಸಿ ದೂರ ಹೋಗುತ್ತದೆ, ಸರಿ. ಆದರೆ ಮುಚ್ಚಿದ ಡ್ರಮ್ಮಿನೊಳಗೆ ಸಿಕ್ಕಿಕೊಂಡ ಹುಳು ಹೋಗುವುದಾದರೂ ಎಲ್ಲಿಗೆ? ಅದಕ್ಕೇ ಡ್ರಮ್ಮಿಗೆ ಒಂದು ಕ್ರಮ, ಚೀಲಗಳಿಗೆ ಇನ್ನೊಂದು. ಡ್ರಮ್ಮಿನಲ್ಲಿ ತೈಲದ ಆವಿ ತುಂಬಿಕೊಂಡು, ಬೆಳೆದ ಹುಳು ಸಾಯಬೇಕು ಇಲ್ಲವೇ ಮೊಟ್ಟೆಯಿಡದಂತಾಗಬೇಕು. ಚೀಲಗಳ ಕಡೆ ಹೊರಗಿನ ಹುಳು ಒಳಬರದಿದ್ದರೆ ಸಾಕು.

ಕಾಳು ಒಣಗಿರದಿದ್ದರೆ ತೈಲದ ಮಾತೇ ಬೇಡ. ಗೋಧಿ, ಜೋಳದಂಥವುಗಳ ತೇವಾಂಶ 12% ದಾಟಬಾರದು. ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಮುರಿಯಬೇಕು. ಆಮೇಲೆ ಜರಡಿ ಹಿಡಿದು ನುಚ್ಚು, ಹುಡಿ ತೆಗೆಯಬೇಕು. ಸೊಂಡಿಲ ಹುಳು ಕಾಳನ್ನು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತಿಗೆ ಅಂಟು ಮೆತ್ತುತ್ತದೆ. ಒಳಗಿರುವ ಮರಿಗೆ ಆವಿ ಅಷ್ಟಾಗಿ ತಾಗುವುದಿಲ್ಲ. ಸ್ವಲ್ಪವೇ ಕಾಳಿದ್ದರೆ ಒಂದು ವಾರ ಫ್ರೀಜರಿನಲ್ಲಿ -18 ಡಿಗ್ರಿಯಲ್ಲಿಟ್ಟು ತುಂಬಿಸುವುದು ಒಳ್ಳೆಯದು. ಹೆಚ್ಚಿದ್ದರೆ ಹುಳು ಹೊರಬರುವವರೆಗೆ ತೈಲವನ್ನು ಮತ್ತೆ ಮತ್ತೆ ಇಡಬೇಕು: 30 ಡಿಗ್ರಿ ಸೆಖೆಯಲ್ಲಿ ಮೊಟ್ಟೆಯಿಂದ ಹುಳುವಾಗಲು ಹತ್ತಿರ ಹತ್ತಿರ ಒಂದು ತಿಂಗಳು.

20 ಲೀಟರಿನ, ಬಿಗಿ ಮುಚ್ಚಳದ ಸ್ಟೀಲ್ ಡ್ರಮ್ ಮುಕ್ಕಾಲು ತುಂಬಿದ್ದರೆ ನಾನು ಹಾಕುವುದು ಒಟ್ಟು 2 ಮಿಲೀ. ಮೂರು ಪಾಲು ನೀಲಗಿರಿ ಎಣ್ಣೆ, ಒಂದು ಪಾಲು ಲವಂಗದ ಎಣ್ಣೆ. ನೀಲಗಿರಿಯ ಮುಖ್ಯ ಅಂಶ ಸಿನಿಯೋಲ್ 176 ಡಿಗ್ರಿಗೆ ಕುದಿಯುವಂಥದ್ದು. ಬೇಗ ಹರಡುತ್ತದೆ, ಬೇಗ ಮುಗಿಯುತ್ತದೆ. ಲವಂಗದ ಮುಖ್ಯ ಅಂಶ ಯುಜೆನಾಲ್ ಕುದಿಯುವುದು 254ರ ಆಸುಪಾಸಿನಲ್ಲಿ. ಅದು ನಿಧಾನ, ಆದರೆ ಬಹಳ ದಿನ ನಿಲ್ಲುತ್ತದೆ. ಹನಿ ಎಣಿಸಬೇಡಿ, ಬಾಟಲಿಯಿಂದ ಬಾಟಲಿಗೆ ಹನಿಯ ಗಾತ್ರ ಬದಲಾಗುತ್ತದೆ; ಸೂಜಿಯಿಲ್ಲದ ಸಿರಿಂಜು ಸಾಕು. ಖಾಲಿ ಜಾಡಿಯಲ್ಲಿ ಪರೀಕ್ಷಿಸಿ ಹೇಳಿದ ಪ್ರಮಾಣವನ್ನು ತುಂಬಿದ ಡ್ರಮ್ಮಿಗೆ ಹಾಗೆಯೇ ಬಳಸಿದರೆ ಕೆಲಸ ನಡೆಯುವುದಿಲ್ಲ, ಏಕೆಂದರೆ ಆವಿಯಲ್ಲಿ ಬಹುಪಾಲನ್ನು ಕಾಳೇ ಹೀರಿಕೊಳ್ಳುತ್ತದೆ.

ಹತ್ತಿಯಲ್ಲಿ ಅದ್ದಿಟ್ಟರೆ ತೈಲ ಬೇಗ ಆರಿಹೋಗುತ್ತದೆ. ಹೆಂಚಿನ ಚೂರು ನಿಧಾನವಾಗಿ ಬಿಡುತ್ತದೆ. ಸುತ್ತಲೂ ಸಣ್ಣ ತೂತು ಕೊರೆದ ಸ್ಟೀಲ್ ಕೊಳವೆಯೊಳಗೆ ಚೂರುಗಳನ್ನು ಹಾಕಿ, ಅದನ್ನು ಕಾಳಿನ ನಡುವೆ ತಳದವರೆಗೆ ಇಳಿಸುತ್ತೇನೆ. ಮೇಲೆ ಮಾತ್ರ ಇಟ್ಟರೆ ತಳದ ಕಾಳಿಗೆ ಆವಿ ಮುಟ್ಟುವುದಿಲ್ಲ, ಹುಳುವೂ ಅಲ್ಲಿಗೇ ಇಳಿಯುತ್ತದೆ. ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ತೈಲ ತುಂಬಬೇಕು. ದಿನಬಳಕೆಯ ಕಾಳು ಬೇರೆ ಡಬ್ಬಿಯಲ್ಲಿರಲಿ. ದಿನಾ ಮುಚ್ಚಳ ತೆಗೆಯುವ ಡ್ರಮ್ಮಿನಲ್ಲಿ ಆವಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಡ್ರಮ್ ಬೇಡ: ಕೆಲವು ಬಗೆ ಮೆತ್ತಗಾಗುತ್ತವೆ, ವಾಸನೆಯಂತೂ ಹೋಗುವುದೇ ಇಲ್ಲ.

ಚೀಲಗಳ ಸುತ್ತ ಮಜ್ಜಿಗೆಹುಲ್ಲಿನ ಎಣ್ಣೆ ಬೆರೆಸಿದ ಸುಣ್ಣದಕಲ್ಲಿನ ಪುಡಿಯ ಪಟ್ಟಿ ಎಳೆಯಬಹುದು. ಕೆಲವೇ ದಿನಗಳಲ್ಲಿ ಅದರ ಬಲ ಇಳಿಯುತ್ತದೆ, ವಾರ ವಾರ ಮಾಡಬೇಕು. ಇದು ಹುಳು ಬರುವುದನ್ನು ತಡಮಾಡುತ್ತದೆ ಅಷ್ಟೇ.

ದ್ವಿದಳ ಕಾಳಿನ ಲೆಕ್ಕವೇ ಬೇರೆ. ಅಲ್ಲಿನ ದುಂಬಿ ಮೊಟ್ಟೆಯನ್ನು ಕಾಳಿನ ಹೊರಮೈಗೆ ಅಂಟಿಸುತ್ತದೆ. ಕಿಲೋಗೆ 5 ಮಿಲೀ ಹರಳೆಣ್ಣೆ ಅಥವಾ ಶೇಂಗಾ ಎಣ್ಣೆ ಸವರಿದರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಇಲ್ಲಿ ಸುಗಂಧ ತೈಲಕ್ಕಿಂತ ಇದನ್ನೇ ನಾನು ಹೆಚ್ಚು ನಂಬುತ್ತೇನೆ.

ತೈಲ ಕಲಬೆರಕೆಯೇ ಎಂದು ನೋಡಲು ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ನೀಲಗಿರಿ ಎಣ್ಣೆ ಆರಿದ ಮೇಲೂ ಜಿಡ್ಡಿನ ಕಲೆ ಉಳಿದರೆ ಅದರಲ್ಲಿ ಬೇರೆ ಎಣ್ಣೆ ಸೇರಿದೆ. ಲವಂಗದ ಎಣ್ಣೆ ಆರಲು ಹೆಚ್ಚು ಹೊತ್ತು ಬೇಕು, ಅವಸರಪಡಬೇಡಿ. ಬಜೆ ಎಣ್ಣೆ ಹುಳುವಿನ ಸಂತಾನವನ್ನೇ ನಿಲ್ಲಿಸುವಷ್ಟು ಜೋರು, ನಿಜ. ಆದರೆ ಅದರಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕ ಇಲಿಗಳಲ್ಲಿ ಗಡ್ಡೆ ಬೆಳೆಸಿದೆ. ತಿನ್ನುವ ಕಾಳಿನ ಹತ್ತಿರ ಅದು ಬೇಡ. ಹಿಟ್ಟಿಗಂತೂ ಯಾವ ತೈಲವೂ ಬೇಡ, ವಾಸನೆ ಬಿಡುವುದಿಲ್ಲ. ಕಾಳನ್ನು ಅಡುಗೆಗೆ ತೆಗೆಯುವ ಮುನ್ನ ಒಂದು ದಿನ ಗಾಳಿಗೆ ಹರಡಿ.

ಬಿತ್ತನೆ ಬೀಜವಾದರೆ ಅಳತೆ ಅರ್ಧಕ್ಕಿಳಿಸಿ. ಆವಿ ಹೆಚ್ಚಾದರೆ ಮೊಳಕೆ ಕುಂಠಿತವಾಗುತ್ತದೆ. ತೈಲ ತಾಗಿದ 100 ಬೀಜ, ತಾಗದ 100 ಬೀಜ ಒದ್ದೆ ಬಟ್ಟೆಯಲ್ಲಿಟ್ಟು ಹೋಲಿಸಿ ನೋಡಿ.

ತೈಲ ತುಂಬುವಾಗ ಹತ್ತಿರ ಬೆಂಕಿಯಿರಬಾರದು, ಬಾಟಲಿ ಮಕ್ಕಳ ಕೈಗೆ ಸಿಗಬಾರದು. ನೀಲಗಿರಿ ಎಣ್ಣೆ ಕುಡಿದರೆ ವಿಷ. ತಿಂಗಳಿಗೊಮ್ಮೆ ತಳದಿಂದ ಒಂದು ಹಿಡಿ ತೆಗೆದು ಬಿಳಿ ಬಟ್ಟೆಯ ಮೇಲೆ ಜರಡಿ ಹಿಡಿಯಿರಿ. ಜೀವಂತ ಹುಳು ಓಡಾಡಿದರೆ ತೈಲ ಹೆಚ್ಚಿಸುವುದಲ್ಲ, ಡ್ರಮ್ ಖಾಲಿ ಮಾಡಿ ಕಾಳನ್ನು ಮತ್ತೆ ಒಣಗಿಸಿ, ಹಸನು ಮಾಡಿ ತುಂಬಬೇಕು.