ಮಗುವಿನ ಆಲೋಚನೆ ಬೆಳೆಯುವುದನ್ನು ಮನೆಯಲ್ಲೇ ಗಮನಿಸುವ ಬಗೆ

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಯುವಕರಾಗಿದ್ದಾಗ ಪ್ಯಾರಿಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಗಳ ಕೆಲಸದಲ್ಲಿ ತೊಡಗಿದ್ದರು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಉತ್ತರ ಕೊಡುವುದು ಸರಿ ಉತ್ತರಗಳಿಗಿಂತ ಹೆಚ್ಚಾಗಿ ಅವರ ಗಮನ ಸೆಳೆಯಿತು. ತಂದೆತಾಯಿಯರೂ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು: ಉತ್ತರವನ್ನು ತಿದ್ದುವ ಮುನ್ನ ಕಾರಣವನ್ನು ಕೇಳಿ.

ಎಂಟು–ಒಂಬತ್ತು ತಿಂಗಳ ಮಗು ನೋಡುತ್ತಿರುವಾಗಲೇ ಗಿಲಕಿಯ ಮೇಲೆ ಬಟ್ಟೆ ಮುಚ್ಚಿ. ಮಗು ಬಟ್ಟೆ ಸರಿಸಿ ಹುಡುಕಿದರೆ, ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇದೆ ಎಂಬುದು ಅದಕ್ಕೆ ತಿಳಿದಿದೆ. ಹುಡುಕದಿದ್ದರೆ ಆತಂಕ ಬೇಡ. ಕೈ ಚಾಚಿ ಹುಡುಕುವುದಕ್ಕೂ ಮೊದಲೇ ಈ ಅರಿವು ಮೊಳೆತಿರುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞೆ ರೆನೀ ಬೈಯಾರ್ಜಾನ್ 1980ರ ದಶಕದಲ್ಲಿ ಶಿಶುಗಳು ದಿಟ್ಟಿಸಿ ನೋಡುವ ಅವಧಿಯನ್ನು ಅಳೆದು ಪುರಾವೆ ಒದಗಿಸಿದರು.

ನಾಲ್ಕರಿಂದ ಏಳು ವರ್ಷದ ಮಕ್ಕಳೊಡನೆ ಮಾಡಬಹುದಾದ ನೀರಿನ ಪ್ರಯೋಗವೇ, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಒಂದೇ ಅಳತೆಯ ಎರಡು ಗಾಜಿನ ಲೋಟಗಳಿಗೆ ಮಗುವಿನ ಕೈಯಲ್ಲೇ ಸಮನಾಗಿ ನೀರು ಹಾಕಿಸಿ, ಬಳಿಕ ಅದರ ಕಣ್ಣೆದುರೇ ಒಂದು ಲೋಟದ ನೀರನ್ನು ಎತ್ತರದ ಕಿರಿದಾದ ಲೋಟಕ್ಕೆ ಸುರಿದು, ಎರಡರಲ್ಲೂ ಅಷ್ಟೇ ಇದೆಯೋ, ಒಂದರಲ್ಲಿ ಹೆಚ್ಚಿದೆಯೋ ಎಂದು ಕೇಳಿ. “ಇದರಲ್ಲೇ ಜಾಸ್ತಿ, ಇಷ್ಟೆತ್ತರ ಇದೆಯಲ್ಲ” ಎಂದರೆ, ಮಗು ಎತ್ತರವನ್ನಷ್ಟೇ ಗಣಿಸಿ ಅಗಲವನ್ನು ಬಿಟ್ಟಿದೆ. ಇದೇ ಪ್ರಶ್ನೆಯನ್ನು ಸುರಿಯುವ ಮುಂಚೆಯೂ ಕೇಳಬೇಡಿ. ದೊಡ್ಡವರು ಕೇಳಿದ್ದನ್ನೇ ಮತ್ತೆ ಕೇಳಿದರೆ ತನ್ನ ಮೊದಲ ಉತ್ತರ ತಪ್ಪಿರಬೇಕೆಂದು ಮಕ್ಕಳು ಮಾತು ಬದಲಿಸುವುದುಂಟು. ನೀರನ್ನು ವಾಪಸ್ ಸುರಿದರೆ ಎಲ್ಲಿಯವರೆಗೆ ಬರುತ್ತದೆ ಎಂದೂ ವಿಚಾರಿಸಿ. ಮೊದಲಿನ ಮಟ್ಟಕ್ಕೇ ಎಂದು ಸರಿಯಾಗಿ ಹೇಳಿದ ಮಗುವೂ ಎತ್ತರದ ಲೋಟದಲ್ಲೇ ಹೆಚ್ಚು ನೀರಿದೆ ಎಂಬ ಮಾತನ್ನು ಬಿಡದಿರಬಹುದು. ವಾದಿಸಿ ಒಪ್ಪಿಸುವ ಬದಲು ಸುರಿದಾಡಲು ಬಿಡಿ.

ಏಳೆಂಟು ವರ್ಷದ ಹೊತ್ತಿಗೆ “ಬೇರೆ ನೀರು ಹಾಕಿಲ್ಲವಲ್ಲ” ಎಂಬ ಕಾರಣ ತಾನಾಗಿ ಬರುತ್ತದೆ. ತೂಕದ ವಿಷಯದಲ್ಲಿ ಇದೇ ತಿಳಿವಳಿಕೆ, ಅಂದರೆ ಆಕಾರ ಬದಲಾದರೂ ತೂಕ ಬದಲಾಗದು ಎಂಬುದು, ಬರುವುದು ಸಾಮಾನ್ಯವಾಗಿ ಇನ್ನೂ ತಡ.

ಹನ್ನೆರಡು ದಾಟಿದವರಿಗೆ ದಾರ ಮತ್ತು ಬೀಗದ ಕೈಗಳನ್ನು ಕೊಟ್ಟು, ಕೈಗಳನ್ನು ದಾರಕ್ಕೆ ಕಟ್ಟಿ ತೂಗಾಡಿಸಿ, ಒಂದು ತೂಗಾಟಕ್ಕೆ ಹಿಡಿಯುವ ಸಮಯವನ್ನು ಬದಲಿಸುವುದು ದಾರದ ಉದ್ದವೋ, ತೂಕವೋ, ತಳ್ಳುವ ಬಲವೋ ಎಂದು ಕಂಡುಹಿಡಿಯಲು ಹೇಳಿ. ಉತ್ತರ ಉದ್ದವೇ ಆದರೂ, ಉಳಿದೆರಡನ್ನು ಹಾಗೇ ಇಟ್ಟು ಒಂದನ್ನಷ್ಟೇ ಬದಲಿಸುವ ಕ್ರಮವನ್ನು ಗಮನಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ “ಯಾವುದರಿಂದ ಆಯಿತೆಂದು ಹೇಗೆ ಗೊತ್ತಾಯಿತು?” ಎಂದಷ್ಟೇ ಕೇಳಿ. ಇಲ್ಲಿ ಎಡವಿದವರು ತಮಗೆ ಚೆನ್ನಾಗಿ ಗೊತ್ತಿರುವ ಕೆಲಸದಲ್ಲಿ ಹೀಗೆಯೇ ಕ್ರಮಬದ್ಧವಾಗಿ ಯೋಚಿಸಬಲ್ಲರು. ಪಿಯಾಜೆಯವರೇ 1972ರಲ್ಲಿ ಇದನ್ನು ಒಪ್ಪಿದ್ದರು. ಆದ್ದರಿಂದ ಸೈಕಲ್ ರಿಪೇರಿಯಲ್ಲೋ ಅಡುಗೆಯಲ್ಲೋ ಆಸಕ್ತಿಯಿರುವ ಹುಡುಗ ಹುಡುಗಿಯರಿಗೆ ಅದೇ ಕೆಲಸದಿಂದ ಆಯ್ದ ಪ್ರಶ್ನೆಯನ್ನು ಕೊಟ್ಟು ನೋಡಿ.