ಕಿರಿದಾದ ಶ್ವಾಸನಾಳವನ್ನು ಹಿಗ್ಗಿಸುವುದು ಹೇಗೆ?

ಕೀಟನಾಶಕ ಕುಡಿದವರು, ತಲೆಗೆ ಪೆಟ್ಟಾದವರು ಎಷ್ಟೋ ದಿನ ವೆಂಟಿಲೇಟರ್‌ನಲ್ಲಿದ್ದು ಬದುಕಿ ಮನೆಗೆ ಬರುತ್ತಾರೆ. ಕೆಲವರಿಗೆ ಒಂದೆರಡು ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಉಸಿರೆಳೆದಾಗ ಸೀಟಿಯಂಥ ಸದ್ದು ಶುರುವಾಗುತ್ತದೆ. ಆಸ್ತಮಾ ಎಂದು ಇನ್‌ಹೇಲರ್ ಕೊಟ್ಟು ಕಾಲ ಕಳೆಯುವುದೂ ಉಂಟು. ಆಸ್ತಮಾದ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಕೇಳಿಸುತ್ತದೆ. ಎಳೆಯುವಾಗ ಕೇಳಿಸಿದರೆ ಗಂಟಲೊಳಗೆ ಸ್ಕೋಪ್ ಹಾಕಿ ನೋಡಲೇಬೇಕು.

ವೆಂಟಿಲೇಟರ್‌ಗಾಗಿ ಶ್ವಾಸನಾಳಕ್ಕೆ ಇಳಿಸಿದ ಕೊಳವೆಯ ತುದಿಯಲ್ಲಿರುವ, ಗಾಳಿ ತುಂಬಿದ ಚಿಕ್ಕ ಬಲೂನಿನಂಥ ಕಫ್‌ನಲ್ಲಿ ಒತ್ತಡ 30 ಸೆಂ.ಮೀ. ನೀರಿನ ಮಟ್ಟ ಮೀರಿದರೆ ಲೋಳೆಪೊರೆಗೆ ರಕ್ತ ಸಿಗದೆ ಹುಣ್ಣಾಗುತ್ತದೆ. ಹುಣ್ಣು ಮಾಯುತ್ತಾ ಬಿಗಿದು ದಾರಿಯನ್ನು ಮುಚ್ಚುತ್ತದೆ. ಧ್ವನಿತಂತುಗಳ ಕೆಳಗಿನ ಕ್ರೈಕಾಯ್ಡ್ ಮೃದ್ವಸ್ಥಿ ಪೂರ್ತಿ ಉಂಗುರವಾದ್ದರಿಂದ ಅಲ್ಲಿ ಹೊರಕ್ಕೆ ಹಿಗ್ಗಲು ಜಾಗವೇ ಇಲ್ಲ.

ಮೊದಲ ಕೆಲಸ ಅಳತೆ. ಕಿರಿದಾದ ಭಾಗದ ಉದ್ದ ಎಷ್ಟು, ಶೇಕಡಾ ಎಷ್ಟು ಮುಚ್ಚಿದೆ, ಧ್ವನಿತಂತುಗಳು ಆಡುತ್ತಿವೆಯೇ ಎಂಬುದನ್ನು ಸ್ಕೋಪ್ ಮತ್ತು ಸಿ.ಟಿ. ತಿಳಿಸುತ್ತವೆ. ಉದ್ದ ಒಂದು ಸೆಂ.ಮೀ.ಗಿಂತ ಕಡಿಮೆಯಿದ್ದು ಮೃದ್ವಸ್ಥಿ ಗಟ್ಟಿಯಾಗಿದ್ದರೆ ಬಾಯಿಯ ಮೂಲಕವೇ ಚಿಕಿತ್ಸೆ ಮಾಡಬಹುದು.

ರಕ್ತನಾಳದ ಮೂಲಕ ಅರಿವಳಿಕೆ ಕೊಟ್ಟು, ಬಾಯಿಯಿಂದ ಗಂಟಲೊಳಗೆ ನೋಡುವ ಲೋಹದ ಕೊಳವೆ (ಲಾರಿಂಗೋಸ್ಕೋಪ್) ಇಳಿಸಿ ನಿಲ್ಲಿಸುತ್ತಾರೆ. ಬಿಗಿದ ಉಂಗುರವನ್ನು ಗಡಿಯಾರದ 12, 4, 8ರ ದಿಕ್ಕಿನಲ್ಲಿ ಮಾತ್ರ ಸೀಳಬೇಕು. ಇಡೀ ಚಿಕಿತ್ಸೆಯ ಗುಟ್ಟು ಇದೇ: ಸೀಳುಗಳ ನಡುವೆ ಲೋಳೆಪೊರೆ ಉಳಿಯಬೇಕು. ಸುತ್ತಲೂ ಕೆರೆದು ತೆಗೆದರೆ ಆ ದಿನ ದಾರಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಹಸಿಗಾಯ ಉಂಗುರವಾಗಿ ಮಾಯ್ದು ಮೊದಲಿಗಿಂತ ಬಿಗಿಯಾಗುತ್ತದೆ. ಲೇಸರ್ ಬಳಸುವುದಾದರೆ ಆಮ್ಲಜನಕವನ್ನು ಶೇ 30ರ ಒಳಗೆ ಇಳಿಸದಿದ್ದರೆ ಶ್ವಾಸನಾಳದಲ್ಲೇ ಬೆಂಕಿ ಹೊತ್ತಿಕೊಳ್ಳಬಹುದು. ಚಾಕುವಿಗೆ ಆ ಭಯವಿಲ್ಲ.

ನಂತರ ಸೀಳಿದ ಜಾಗವನ್ನು ಹಿಗ್ಗಿಸಲು ಬಲೂನ್. ವಯಸ್ಕರಿಗೆ ಸಾಮಾನ್ಯವಾಗಿ 14ರಿಂದ 16 ಮಿ.ಮೀ. ಅಗಲದ್ದು. ನೀರು ತುಂಬಿ ಒಂದೆರಡು ನಿಮಿಷ ಹಿಡಿಯುತ್ತಾರೆ. ಅಷ್ಟು ಹೊತ್ತು ಉಸಿರಾಟ ಪೂರ್ತಿ ನಿಂತಿರುತ್ತದೆ. ಆದ್ದರಿಂದ ರಕ್ತದ ಆಮ್ಲಜನಕ ಇಳಿಯತೊಡಗಿದರೆ ಅರಿವಳಿಕೆ ವೈದ್ಯರ ಮಾತೇ ಅಂತಿಮ, ಬಲೂನ್ ಕುಗ್ಗಿಸಬೇಕು. ಗಾಯ ಮತ್ತೆ ಬಿಗಿಯದಿರಲಿ ಎಂದು ಹಲವರು ಅಲ್ಲಿಗೇ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಔಷಧ ಚುಚ್ಚುತ್ತಾರೆ. ಹೊಟ್ಟೆಯ ಆಮ್ಲ ಮೇಲೆ ಬರುವವರಿಗೆ ಅದಕ್ಕೂ ಮಾತ್ರೆ ಬೇಕು. ಒಂದೇ ಸಲಕ್ಕೆ ಮುಗಿಯುತ್ತದೆಂದು ಯಾರೂ ಮಾತು ಕೊಡಲಾರರು.

ಕಿರಿದಾದ ಭಾಗ ಉದ್ದವಿದ್ದರೆ, ಮೃದ್ವಸ್ಥಿ ಕುಸಿದಿದ್ದರೆ ಬಲೂನಿನಿಂದ ಪ್ರಯೋಜನ ಕಡಿಮೆ. ಆಗ ಕುತ್ತಿಗೆ ತೆರೆದು ಕೆಟ್ಟ ಭಾಗವನ್ನು ಕತ್ತರಿಸಿ, ಎರಡು ತುದಿಗಳನ್ನು ಕೂಡಿಸಿ ಹೊಲಿಯುತ್ತಾರೆ. ಪಕ್ಕದಲ್ಲೇ ಹಾಯುವ ಧ್ವನಿತಂತುವಿನ ನರಕ್ಕೆ ಪೆಟ್ಟಾದರೆ ದನಿ ಹೋಗಬಹುದು. ಜೋಡಣೆ ಜಗ್ಗಬಾರದೆಂದು ಗದ್ದದಿಂದ ಎದೆಗೆ ಹಾಕುವ ದಪ್ಪ ಹೊಲಿಗೆ ಸುಮಾರು ಒಂದು ವಾರ ಇರುತ್ತದೆ. ಅಲ್ಲಿಯವರೆಗೆ ರೋಗಿ ತಲೆ ಎತ್ತುವಂತಿಲ್ಲ.