ಕ್ಯಾನ್ಸರ್ ಔಷಧ ಪ್ರಯೋಗ: ಎರಡು ಸುತ್ತುಗಳ ನಡುವೆ ಮನೆಯಲ್ಲಿ ಏನು ಮಾಡಬೇಕು?

ಕ್ಯಾನ್ಸರ್‌ನ ಹೊಸ ಔಷಧದ ಪ್ರಯೋಗಕ್ಕೆ, ಅಂದರೆ ಕ್ಲಿನಿಕಲ್ ಟ್ರಯಲ್‌ಗೆ ಸೇರಿದವರು ಆಸ್ಪತ್ರೆಯಲ್ಲಿ ಕಳೆಯುವುದು ಕೆಲವೇ ದಿನ. ಡ್ರಿಪ್ ಹಾಕುವುದು, ರಕ್ತ ತೆಗೆಯುವುದು, ಇಸಿಜಿ ನೋಡುವುದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಣಿಪಾಲದಲ್ಲೋ ಮುಗಿಯುತ್ತದೆ. 21 ದಿನಕ್ಕೊಮ್ಮೆ ಔಷಧ ಕೊಡುವ ಸುತ್ತಿನಲ್ಲಿ ಉಳಿದ ದಿನಗಳೆಲ್ಲ ಮನೆಯಲ್ಲೇ. ತೊಂದರೆ ತಲೆ ಎತ್ತುವುದೂ ಹೆಚ್ಚಾಗಿ ಆಗಲೇ. ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ., ಚಿಕ್ಕಮಗಳೂರಿನಿಂದ ಸುಮಾರು 240. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಕುಸಿದರೆ ಕರಾವಳಿಯ ಆಸ್ಪತ್ರೆಗೂ ದಾರಿ ಇಲ್ಲ. ಹಾಗಾಗಿ ತಯಾರಿಯ ದೊಡ್ಡ ಪಾಲು ಊರಿನಲ್ಲೇ ಆಗಬೇಕು.

ಸಹಿ ಹಾಕುವ ಮೊದಲು

ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ, ಮನೆಗೆ ತಂದು ಓದಿ. ಇಂಥ ಪ್ರಯೋಗಗಳು ನಡೆಯುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಅಡಿಯಲ್ಲಿ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಓದಲು ಬಾರದವರಿಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಎದುರಿಗಿರಬೇಕು, ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಕೈ ಸೇರಬೇಕು. ಇದು ಎಷ್ಟನೇ ಹಂತದ ಪ್ರಯೋಗ ಎಂದು ನೇರವಾಗಿ ಕೇಳಿ. ಒಂದನೇ ಹಂತದಲ್ಲಿ ಮುಖ್ಯವಾಗಿ ನೋಡುವುದು ಎಷ್ಟು ಪ್ರಮಾಣ ಸುರಕ್ಷಿತ ಎಂಬುದನ್ನು. ಗೆಡ್ಡೆ ಕರಗುತ್ತದೆ ಎಂಬ ಭರವಸೆಯನ್ನು ಅಲ್ಲಿ ಯಾರೂ ಕೊಡಲಾರರು. ಪ್ರಯಾಣದ ಖರ್ಚು ಯಾರದು, ಔಷಧದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಹೇಗೆ ಸಿಗುತ್ತದೆ ಎಂಬುದೂ ಆ ಪತ್ರದಲ್ಲಿರಬೇಕು. ಪ್ರಯೋಗವು ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಯಲ್ಲಿ ನೋಂದಣಿಯಾಗಿರುವುದು 2009ರಿಂದ ಕಡ್ಡಾಯ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಮೊದಲ ಸುತ್ತಿಗೆ ಹೆಚ್ಚು ದಿನ ಬಿಡುವು ಮಾಡಿಕೊಳ್ಳಿ

ಎಲ್ಲಕ್ಕಿಂತ ಹೆಚ್ಚು ಓಡಾಟ ಮೊದಲ ಸುತ್ತಿನಲ್ಲಿ. ಎಷ್ಟೋ ಪ್ರಯೋಗಗಳಲ್ಲಿ ಔಷಧ ಕೊಡುವ ಮೊದಲು, ಆಮೇಲೆ ಅರ್ಧ ಗಂಟೆಗೆ, 1, 2, 4, 8 ಮತ್ತು 24 ಗಂಟೆಗೆ ರಕ್ತ ತೆಗೆಯುತ್ತಾರೆ. 8ನೇ ಮತ್ತು 15ನೇ ದಿನ ಮತ್ತೆ ಬರಹೇಳುವುದುಂಟು. ಔಷಧ ರಕ್ತದಲ್ಲಿ ಹೇಗೆ ಏರಿ ಹೇಗೆ ಇಳಿಯುತ್ತದೆ ಎಂಬ ಲೆಕ್ಕ ನಿಂತಿರುವುದು ಈ ಹೊತ್ತುಗಳ ಮೇಲೆ. ಡ್ರಿಪ್ ಹಾಕಿದ ಕೈಯಿಂದಲೇ ರಕ್ತ ತೆಗೆದರೆ ಲೆಕ್ಕ ತಪ್ಪುವುದರಿಂದ ಇನ್ನೊಂದು ಕೈ ಬಳಸುತ್ತಾರೆ. ಸಡಿಲ ತೋಳಿನ ಅಂಗಿ ಹಾಕಿಕೊಂಡು ಹೋಗಿ. ಮೊದಲ ಡೋಸ್‌ನ ದಿನವೇ ಸಂಜೆ ಬಸ್ಸು ಹಿಡಿಯುವ ಲೆಕ್ಕಾಚಾರ ಬೇಡ.

ರೈಲಿನಲ್ಲಿ ಹೋಗುವವರು ಆಸ್ಪತ್ರೆಯಿಂದ ರಿಯಾಯಿತಿ ಫಾರಂ ಬರೆಸಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎಸಿ ಮೂರು ಟೈರ್‌ನಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಯಲ್ಲಿ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ.

ಊರಿಗೆ ಹೊರಡುವಾಗ ಮೂರು ವಸ್ತು ಬ್ಯಾಗಿನಲ್ಲಿರಲಿ: ಟ್ರಯಲ್‌ನ ಗುರುತಿನ ಕಾರ್ಡ್, ರಾತ್ರಿಯೂ ಎತ್ತುವ ಫೋನ್ ಸಂಖ್ಯೆ, ಸ್ಥಳೀಯ ವೈದ್ಯರಿಗೆ ಬರೆದ ಒಂದು ಪುಟದ ಪತ್ರ. ಆ ಪತ್ರ ತಾನಾಗಿ ಸಿಗುವುದಿಲ್ಲ, ಕೇಳಬೇಕು. ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಸಿಗ್ನಲ್ ಇರುವ ನೆಂಟರ ನಂಬರನ್ನೂ ಟ್ರಯಲ್ ನೋಡಿಕೊಳ್ಳುವ ಕೋಆರ್ಡಿನೇಟರ್‌ಗೆ ಕೊಡಿ.

7ರಿಂದ 14ನೇ ದಿನ: ಜ್ವರದ ಮೇಲೆ ಕಣ್ಣು

ಕೀಮೊ ಮಾದರಿಯ ಬಹುಪಾಲು ಔಷಧಗಳಲ್ಲಿ ಬಿಳಿ ರಕ್ತಕಣಗಳು ತೀರ ಇಳಿಯುವುದು ಈ ದಿನಗಳಲ್ಲಿ. ಸೋಂಕಿನ ವಿರುದ್ಧ ಮೊದಲು ನಿಲ್ಲುವ ನ್ಯೂಟ್ರೋಫಿಲ್ ಕಣ 500ಕ್ಕಿಂತ ಕೆಳಗೆ ಹೋದರೆ ಬೆಳಿಗ್ಗೆಯ ಸಣ್ಣ ಜ್ವರ ಸಂಜೆಯೊಳಗೆ ಜೀವಕ್ಕೆ ಎರವಾಗಬಹುದು. ಕೀವು, ಕಫ ಯಾವುದೂ ಕಾಣಿಸದೆ ಇರಬಹುದು, ಏಕೆಂದರೆ ಕೀವು ಕಟ್ಟುವುದಕ್ಕೂ ಅದೇ ಕಣಗಳು ಬೇಕು.

ಡಿಜಿಟಲ್ ಥರ್ಮಾಮೀಟರ್‌ನಲ್ಲಿ ಬೆಳಿಗ್ಗೆ, ಸಂಜೆ ಜ್ವರ ನೋಡಿ ಬರೆದಿಡಿ. ಒಮ್ಮೆ 101 ಡಿಗ್ರಿ ಬಂದರೂ ಸರಿ, 100.4 ಡಿಗ್ರಿ ಒಂದು ಗಂಟೆ ಹಾಗೇ ನಿಂತರೂ ಸರಿ, ಚಳಿ ನಡುಕ ಬಂದರೂ ಸರಿ, ಕೂಡಲೇ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ. ಜ್ವರ ಅಳೆಯದೆ ಪ್ಯಾರಾಸಿಟಮಾಲ್ ನುಂಗಬೇಡಿ. ಜ್ವರ ಮುಚ್ಚಿಹೋಗುತ್ತದೆ, ಸೋಂಕು ಹೋಗುವುದಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಜ್ವರವೇ ಕಾಣಿಸದಿರಬಹುದು. ಅಂಥವರಿಗೆ ಸುಸ್ತು, ಉಸಿರಾಟದ ವೇಗ, ಗೊಂದಲದ ಮಾತು ಇವೇ ಸೂಚನೆ.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಡೆಂಗಿ, ಡಿಸೆಂಬರ್‌ನಿಂದ ಮೇ ವರೆಗೆ ಕೊಪ್ಪ, ಎನ್.ಆರ್. ಪುರ ಕಡೆ ಮಂಗನ ಕಾಯಿಲೆ. ‘ವೈರಲ್ ಇರಬಹುದು, ಎರಡು ದಿನ ನೋಡೋಣ’ ಎಂಬ ಮಾತು ಬೇರೆಯವರಿಗೆ ನಡೆದೀತು, ಇವರಿಗೆ ನಡೆಯದು. ಹಾಸನದ ಹಿಮ್ಸ್ ಇರಲಿ, ಹತ್ತಿರದ ತಾಲ್ಲೂಕು ಆಸ್ಪತ್ರೆ ಇರಲಿ, ಡ್ಯೂಟಿ ಡಾಕ್ಟರ್‌ಗೆ ಹೀಗೆ ಹೇಳಿ: ‘ಸರ್, ಇವರಿಗೆ ಕ್ಯಾನ್ಸರ್ ಟ್ರಯಲ್ ಔಷಧ ನಡೀತಿದೆ, ಇವತ್ತು ಹತ್ತನೇ ದಿನ, ಜ್ವರ 101 ಇದೆ, ಬಿಳಿ ರಕ್ತಕಣ ಬಿದ್ದಿರಬಹುದು. ಇದು ಕಾರ್ಡು, ಇದು ಅವರ ಡಾಕ್ಟರ್ ನಂಬರು.’ ಬ್ಲಡ್ ಕೌಂಟ್, ಬ್ಲಡ್ ಕಲ್ಚರ್‌ಗೆ ರಕ್ತ ತೆಗೆದು, ವರದಿಗೆ ಕಾಯದೆ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು. ಅದಾದ ಮೇಲೆ ಬೆಂಗಳೂರಿಗೆ ಹೋಗುವ ಮಾತು. ಊರಿನ ಆಸ್ಪತ್ರೆಯಲ್ಲಿ ದಾಖಲಾದರೆ ಟ್ರಯಲ್ ತಂಡಕ್ಕೆ ಅಂದೇ ತಿಳಿಸಿ. ಅವರು ಅದನ್ನು 24 ಗಂಟೆಯೊಳಗೆ ವರದಿ ಮಾಡಲೇಬೇಕು.

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕೂಡ ಇಳಿಯುವ ದಿನಗಳಿವು. ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್, ಹಲ್ಲು ಕೀಳಿಸುವುದು ಬೇಡ. ತೋಟದಲ್ಲಿ ಇಂಬಳ ಹತ್ತಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಗೊಬ್ಬರದ ಗುಂಡಿ, ಬೂಷ್ಟು ಹಿಡಿದ ಹುಲ್ಲು, ಕಾಫಿ ಕಣದ ಧೂಳಿನಲ್ಲಿ ಶಿಲೀಂಧ್ರದ ಕಣಗಳಿರುತ್ತವೆ. ಕೊಯ್ಲಿನ ಕಾಲವಾದರೂ ಆ ಕೆಲಸವನ್ನು ಬೇರೆಯವರಿಗೆ ಬಿಡಿ.

ಹೊಟ್ಟೆ, ಬಾಯಿ

ಭೇದಿ ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಹೆಚ್ಚಾದರೆ ಫೋನ್ ಮಾಡುವ ಹೊತ್ತು. ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ನುಂಗುವ ಮೊದಲು ಕೇಳಲೇಬೇಕು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೊಥೆರಪಿಯಾದರೆ ಆ ಭೇದಿ ಕರುಳಿನ ಉರಿಯೂತ ಇರಬಹುದು. ಅದಕ್ಕೆ ಬೇಕಾಗುವುದು ಸ್ಟೀರಾಯ್ಡ್, ಮಾತ್ರೆ ನುಂಗಿ ಮುಚ್ಚಿಟ್ಟರೆ ಕರುಳು ತೂತಾಗುವವರೆಗೂ ಹೋದೀತು. ಟ್ರಯಲ್ ತಂಡ ಏನು ಮಾಡಬೇಕೆಂದು ಹೇಳುವವರೆಗೆ ಒಆರ್‌ಎಸ್, ಉಪ್ಪು ಹಾಕಿದ ಗಂಜಿ ತಿಳಿ. ಬಾಯಿ ಹುಣ್ಣಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ.

ಮಾತ್ರೆ, ಹಿತ್ತಲು, ಕಷಾಯ

ಪ್ರಯೋಗದ ಔಷಧ ಮಾತ್ರೆಯಾಗಿದ್ದರೆ ಖಾಲಿ ಹೊಟ್ಟೆಗೋ ಊಟದ ಜೊತೆಗೋ ಎಂಬುದನ್ನು ಮಾಹಿತಿ ಪತ್ರದಲ್ಲಿದ್ದಂತೆ ಪಾಲಿಸಿ, ನುಂಗಿದ ಹೊತ್ತನ್ನು ಡೈರಿಯಲ್ಲಿ ಆಗಲೇ ಬರೆಯಿರಿ. ವಾಂತಿಯಾದರೆ ಇನ್ನೊಂದು ನುಂಗಬೇಡಿ, ಕೇಳಿ. ಉಳಿದ ಮಾತ್ರೆ, ಖಾಲಿ ಡಬ್ಬಿ ಎರಡನ್ನೂ ವಾಪಸ್ ಒಯ್ಯಬೇಕು, ಎಣಿಸುತ್ತಾರೆ.

ಹಿತ್ತಲಿನ ಚಕ್ಕೋತ ಬೇಡ. ಕರುಳಿನಲ್ಲಿ ಹಲವು ಔಷಧಗಳನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. ಆಗ ನುಂಗಿದ್ದು ಒಂದೇ ಮಾತ್ರೆಯಾದರೂ ರಕ್ತ ಸೇರುವ ಪ್ರಮಾಣ ಏರುತ್ತದೆ. ಹೇರಳೆಕಾಯಿ ಚಿತ್ರಾನ್ನದ ಬಗ್ಗೆಯೂ ಕೇಳಿಕೊಳ್ಳಿ. ಅಮೃತಬಳ್ಳಿ ಕಷಾಯ, ಅರಿಶಿನದ ಕ್ಯಾಪ್ಸೂಲ್, ನಾಟಿ ಔಷಧ ಯಾವುದನ್ನೇ ತೆಗೆದುಕೊಂಡಿದ್ದರೂ ಮುಚ್ಚಿಡಬೇಡಿ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ವರದಿಗಳಿವೆ; ಮುಚ್ಚಿಟ್ಟರೆ ಆ ಪೆಟ್ಟು ಹೊಸ ಔಷಧದ ಲೆಕ್ಕಕ್ಕೆ ಹೋಗಿ ನಿಮ್ಮ ಡೋಸ್ ನಿಲ್ಲಬಹುದು. ಬೈಯ್ಯುತ್ತಾರೆಂಬ ಹೆದರಿಕೆಯಿಂದ ಹಿರಿಯರು ಹೇಳದಿರುವುದೇ ಹೆಚ್ಚು. ಮನೆಯವರು ಮೆಲ್ಲಗೆ ಕೇಳಿ ತಿಳಿದು ಹೇಳಬೇಕು.

ಮುಂದಿನ ಸುತ್ತಿಗೆ ಹೊರಡುವ ಮುನ್ನ

ಎರಡು ದಿನ ಮೊದಲು ಊರಿನಲ್ಲೇ ಬ್ಲಡ್ ಕೌಂಟ್ ಮಾಡಿಸಿ ವರದಿಯ ಫೋಟೊ ಕಳುಹಿಸಬಹುದೇ ಎಂದು ಕೇಳಿ. ನ್ಯೂಟ್ರೋಫಿಲ್ 1,500, ಪ್ಲೇಟ್‌ಲೆಟ್ ಒಂದು ಲಕ್ಷ ಇರಬೇಕೆಂಬುದು ಸಾಮಾನ್ಯ ಮಿತಿ. ಕಡಿಮೆ ಇದ್ದರೆ ಸುತ್ತು ಒಂದು ವಾರ ಮುಂದೆ ಹೋಗುತ್ತದೆ, ಸುಸ್ತಾದ ರೋಗಿಗೆ ಸುಮ್ಮನೆ ಅಷ್ಟು ದೂರದ ಪ್ರಯಾಣ ತಪ್ಪುತ್ತದೆ. ಸುತ್ತು ಮುಂದೆ ಹೋದರೆ, ಡೋಸ್ ಇಳಿಸಿದರೆ ಔಷಧ ಸೋತಿತೆಂದು ಎದೆಗುಂದಬೇಡಿ. ಪ್ರಯೋಗದ ನಿಯಮದಲ್ಲೇ ಅದಕ್ಕೆ ಜಾಗ ಇಟ್ಟಿರುತ್ತಾರೆ.

ಆರರಿಂದ ಎಂಟು ವಾರಕ್ಕೊಮ್ಮೆ ಸ್ಕ್ಯಾನ್. ಅಳತೆಗೆ ಆರಿಸಿಕೊಂಡ ಗೆಡ್ಡೆಗಳ ಒಟ್ಟು ಅಳತೆ ಶೇ 30ರಷ್ಟು ಕುಗ್ಗಿದರೆ ಸ್ಪಂದಿಸಿದೆ ಎಂದೂ ಶೇ 20ರಷ್ಟು ಹಿಗ್ಗಿದರೆ ರೋಗ ಬೆಳೆದಿದೆ ಎಂದೂ ಓದುತ್ತಾರೆ. ನಡುವೆ ಇದ್ದರೆ ಸ್ಥಿರ. ಸಾಮಾನ್ಯವಾಗಿ ಔಷಧ ಮುಂದುವರಿಯುತ್ತದೆ.

ಯಾವ ಸುತ್ತಿನಲ್ಲಿ ಬೇಕಾದರೂ ಕಾರಣ ಹೇಳದೆ ಪ್ರಯೋಗ ಬಿಡುವ ಹಕ್ಕು ರೋಗಿಗಿದೆ, ಬಿಟ್ಟರೆ ಮಾಮೂಲಿ ಚಿಕಿತ್ಸೆ ತಪ್ಪುವಂತಿಲ್ಲ. ಆದರೆ ಹೇಳದೆ ಬರುವುದು ನಿಲ್ಲಿಸಬೇಡಿ. ಕೊನೆಯ ಡೋಸ್ ಆದ ಮೇಲೂ ಸಾಮಾನ್ಯವಾಗಿ 30 ದಿನ ಅಡ್ಡಪರಿಣಾಮ ಗಮನಿಸುತ್ತಾರೆ; ಅಲ್ಲಿಯವರೆಗೆ ಕಾರ್ಡ್ ಜೇಬಿನಲ್ಲೇ ಇರಲಿ. ಕೊನೆಯ ಭೇಟಿಯ ದಿನ ಡಿಸ್ಚಾರ್ಜ್ ಸಾರಾಂಶ, ಎಲ್ಲ ಸ್ಕ್ಯಾನ್‌ಗಳ ಸಿ.ಡಿ., ಪಡೆದ ಡೋಸ್‌ಗಳ ಪಟ್ಟಿ ಕೇಳಿ ತನ್ನಿ. ಮುಂದೆ ನೋಡುವ ವೈದ್ಯರು ಮೊದಲು ಕೇಳುವುದು ಅವನ್ನೇ.